ಊರಿನ ಕಾಯಿಲೆಯನ್ನೆಲ್ಲ ಒಂದೇ ಹಾಳೆಗೆ ಇಳಿಸಿದ ಹಳ್ಳಿ ಡಾಕ್ಟರ್ ವಿಲಿಯಂ ಪಿಕಲ್ಸ್

ಕೊರೊನಾ ಬಂದಾಗ ಕಾಂಟ್ಯಾಕ್ಟ್ ಟ್ರೇಸಿಂಗ್ ಅನ್ನೋ ಮಾತು ಹಳ್ಳಿ ಹಳ್ಳಿಗೂ ಬಂತು. ಯಾರಿಂದ ಯಾರಿಗೆ, ಯಾವ ದಿನ ಅಂಟಿತು ಅಂತ ಹುಡುಕುವ ಈ ಕೆಲಸವನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಬರೀ ಕಾಗದ, ಪೆನ್ನು ಹಿಡಿದು ಮಾಡಿದವರು ಇಂಗ್ಲೆಂಡಿನ ಹಳ್ಳಿ ವೈದ್ಯ ಡಾ. ವಿಲಿಯಂ ಪಿಕಲ್ಸ್.

ಪಿಕಲ್ಸ್ ಹುಟ್ಟಿದ್ದು 1885ರಲ್ಲಿ, ಲೀಡ್ಸ್ ನಗರದಲ್ಲಿ. ತಂದೆಯೂ ಡಾಕ್ಟರ್. ಅಲ್ಲೇ ವೈದ್ಯಕೀಯ ಓದಿ, ಯಾರ್ಕ್‌ಶೈರ್‌ನ ವೆನ್ಸ್‌ಲಿಡೇಲ್ ಕಣಿವೆಯ ಐಸ್ಗಾರ್ತ್ ಎಂಬ ಹಳ್ಳಿಗೆ ಬಂದರು. ಮೊದಲ ಮಹಾಯುದ್ಧದಲ್ಲಿ ನೌಕಾಪಡೆಗೆ ಹೋದದ್ದು ಬಿಟ್ಟರೆ 1964ರಲ್ಲಿ ನಿವೃತ್ತರಾಗುವ ತನಕ ಆ ಕಣಿವೆಯಲ್ಲೇ ರೋಗಿಗಳನ್ನು ನೋಡಿದರು.

ಒಬ್ಬರಿಗೆ ಒಂದು ಲಕೋಟೆ

ಆಗ ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರುಗಳ ಹತ್ತಿರ ಇದ್ದದ್ದು ಸಣ್ಣ ಕಾಗದದ ಲಕೋಟೆ. ಮಂತ್ರಿಯಾಗಿದ್ದ ಲಾಯ್ಡ್ ಜಾರ್ಜ್ 1911ರಲ್ಲಿ ವಿಮಾ ಕಾಯ್ದೆ ತಂದ ಮೇಲೆ ವಿಮೆಯಿದ್ದ ಕಾರ್ಮಿಕರ ದಾಖಲೆ ಇಡುವ ಪದ್ಧತಿ ಶುರುವಾಯಿತು. ಲಕೋಟೆಗೂ ಅವರದೇ ಹೆಸರು ಬಿತ್ತು. ರೋಗಿ ಡಾಕ್ಟರ್ ಬದಲಿಸಿದರೆ ಲಕೋಟೆಯೂ ಹೊಸ ಡಾಕ್ಟರ್ ಕೈಗೆ ಹೋಗ್ತಿತ್ತು. ಆದರೆ ದುಡಿಯುವವನ ಹೆಂಡತಿ, ಮಕ್ಕಳು ಆ ವಿಮೆಯಿಂದ ಹೊರಗೇ ಇದ್ದರು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬರುವವರೆಗೂ ಅದೇ ಸ್ಥಿತಿ.

ಲಕೋಟೆ ತೆರೆದ್ರೆ ಒಬ್ಬರ ಕಾಯಿಲೆ ಗೊತ್ತಾಗ್ತಿತ್ತು. ಅದು ಊರೊಳಗೆ ಎಲ್ಲಿಂದ ಬಂತು ಅನ್ನೋದು ಮಾತ್ರ ತಿಳಿಯುತ್ತಿರಲಿಲ್ಲ.

ಉತ್ಸವಕ್ಕೆ ಬಂದ ಹುಡುಗಿ

1926ರಲ್ಲಿ ಪಿಕಲ್ಸ್ ಕೈಗೆ ಸರ್ ಜೇಮ್ಸ್ ಮೆಕೆಂಜಿ ಅವರ ಪುಸ್ತಕ ಸಿಕ್ಕಿತು. ಮೆಕೆಂಜಿ ಬರ್ನ್ಲಿ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿದ್ದುಕೊಂಡೇ, ರೋಗಿಗಳ ವಿವರ ವರ್ಷಗಟ್ಟಲೆ ಬರೆದಿಟ್ಟು ಹೃದ್ರೋಗದ ಬಗ್ಗೆ ಹೆಸರು ಮಾಡಿದವರು. ಸಂಶೋಧನೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಅನ್ನೋ ಧೈರ್ಯ ಪಿಕಲ್ಸ್‌ಗೆ ಬಂದದ್ದು ಇಲ್ಲಿಂದ.

1929ರಲ್ಲಿ ಕಣಿವೆಗೆ ಕಾಮಾಲೆ ಬಂತು. ಸುಮಾರು 5,700 ಜನರಿದ್ದ ಕಡೆ 250 ಮಂದಿ ಹಾಸಿಗೆ ಹಿಡಿದರು. ಕಾಮಾಲೆ ಅಂಟುರೋಗವೋ ಅಲ್ಲವೋ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತ ಇರಲಿಲ್ಲ. ಪಿಕಲ್ಸ್ ದಿನಾಂಕಗಳನ್ನು ಹಿಂದಕ್ಕೆ ಎಣಿಸುತ್ತಾ ಹೋದರು. ಹಳ್ಳಿಯೊಂದರ ಉತ್ಸವದ ದಿನ ಬೆಳಗ್ಗೆ ಅವರು ಒಬ್ಬ ಹುಡುಗಿಯನ್ನು ಹಾಸಿಗೆಯಲ್ಲಿ ನೋಡಿ ಬಂದಿದ್ದರು. ಆಕೆ ಆ ದಿನ ಏಳುತ್ತಾಳೆ ಅಂತ ಅವರು ಅಂದುಕೊಂಡಿರಲಿಲ್ಲ. ಆದರೆ ಆಕೆ ಎದ್ದು ಉತ್ಸವಕ್ಕೆ ಹೋಗಿದ್ದಳು! ಇಡೀ ಹಾವಳಿಯ ಎಳೆ ಅಲ್ಲಿಗೆ ಬಂದು ಸೇರಿತು. ಸೋಂಕು ತಗುಲಿ 26ರಿಂದ 35 ದಿನಗಳ ನಂತರ ಕಾಮಾಲೆ ಕಾಣಿಸಿಕೊಳ್ಳುತ್ತದೆ ಅಂತ ಅವರು ತೋರಿಸಿಕೊಟ್ಟರು. ಮರುವರ್ಷವೇ ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಹೆಂಡತಿ, ಮಗಳ ಕೈಬರಹ

ಮುಂದೆ ಇದೇ ಅವರ ದಿನಚರಿಯಾಯಿತು. ಯಾವ ಹಳ್ಳಿಯಲ್ಲಿ ಯಾವ ದಿನ ಯಾರಿಗೆ ದಡಾರ, ಫ್ಲೂ ಬಂತು ಅನ್ನೋದು ದೊಡ್ಡ ಚಾರ್ಟ್‌ಗೆ ಏರುತ್ತಿತ್ತು. ಬರೆಯುವ ಕೆಲಸ ಹೆಚ್ಚಾಗಿ ಪತ್ನಿ ಗರ್ಟ್ರೂಡ್ ಅವರದು, ಆಮೇಲೆ ಮಗಳು ಪೇಷನ್ಸ್ ಅವರದು. ಹಳ್ಳಿ ಚಿಕ್ಕದು. ಯಾರು ಯಾರ ಮನೆಗೆ ಹೋದರು, ಸಂತೆಯಲ್ಲಿ ಯಾರನ್ನು ಕಂಡರು ಅಂತ ಡಾಕ್ಟರ್‌ಗೂ ಗೊತ್ತಿತ್ತು. ಪಟ್ಟಣದ ಆಸ್ಪತ್ರೆಗೆ ಸಿಗದ ಮಾಹಿತಿ ಇದೇ.

ಈ ಅನುಭವವನ್ನೆಲ್ಲ ಸೇರಿಸಿ 1939ರಲ್ಲಿ ಹಳ್ಳಿ ವೈದ್ಯಕೀಯದಲ್ಲಿ ಸಾಂಕ್ರಾಮಿಕ ರೋಗಗಳ ಬಗ್ಗೆ ಪುಸ್ತಕ ಬರೆದರು. ಅದು ಇವತ್ತಿಗೂ ಹೆಸರುವಾಸಿ. ಬ್ರಿಟನ್ನಿನ ಸಾಮಾನ್ಯ ವೈದ್ಯರು ತಮ್ಮದೇ ಕಾಲೇಜ್ ಕಟ್ಟಿಕೊಂಡಾಗ 1953ರಲ್ಲಿ ಅದರ ಮೊದಲ ಅಧ್ಯಕ್ಷರಾಗಿದ್ದು ಲಂಡನ್ನಿನ ದೊಡ್ಡ ಡಾಕ್ಟರ್ ಅಲ್ಲ, ಐಸ್ಗಾರ್ತ್‌ನ ಪಿಕಲ್ಸ್.

1969ರಲ್ಲಿ ಅವರು ತೀರಿಕೊಂಡರು. ಈಗ ದಾಖಲೆ ಕಂಪ್ಯೂಟರ್‌ಗೆ ಬಂದಿದೆ, ಆದರೆ ಪಿಕಲ್ಸ್ ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ಕಾಯಿಲೆ ಶುರುವಾದ ದಿನ ಯಾವುದು? ಅದಕ್ಕೂ ಮುಂಚೆ ಎಲ್ಲಿಗೆ ಹೋಗಿದ್ರಿ ಅಂತ ಡಾಕ್ಟರ್ ಕೇಳಿದ್ರೆ, ಸರಿಯಾಗಿ ನೆನಪು ಮಾಡಿಕೊಂಡು ಹೇಳುವುದರಿಂದ ಇಡೀ ಊರಿಗೇ ಉಪಕಾರ ಆಗಬಹುದು.