ಪಕ್ಕದಲ್ಲಿ ಕೂತ ಚೌಡಯ್ಯ, ಏಳು ತಂತಿಯ ಚೌಡಯ್ಯ

ಕಾಲೇಜಿನಲ್ಲಿ ಬ್ಯಾಂಡ್ ಕಟ್ಟೋಣ ಅಂತ ಹೊರಟರೆ ಹಾಡೋದಕ್ಕೆ ಜನ ಸಿಗ್ತಾರೆ, ಲೀಡ್ ಗಿಟಾರ್‌ಗೆ ಸಿಗ್ತಾರೆ, ಡ್ರಮ್ಸ್‌ಗೂ ಸಿಗ್ತಾರೆ. ಬೇಸ್ ಗಿಟಾರ್ ಹಿಡಿಯೋರು ಮಾತ್ರ ಸಿಗಲ್ಲ. ಕೊನೆಗೆ ಲೀಡ್ ಗಿಟಾರ್‌ನಲ್ಲಿ ಜಾಗ ಸಿಗದವನ ಕೈಗೆ ಬೇಸ್ ಬರುತ್ತೆ. ಅವನು ವೇದಿಕೆಯ ಹಿಂದೆ ಆಂಪ್ ಪಕ್ಕ ನಿಂತು ನುಡಿಸ್ತಾನೆ. ಫೋಟೋದಲ್ಲಿ ಅರ್ಧ ಮುಖ ಬಂದರೆ ಹೆಚ್ಚು. ಆದರೆ ಹಾಡಿನ ಮಧ್ಯೆ ಅವನ ಜಾಕ್ ಕಳಚಿಕೊಂಡರೆ, ಸಂಗೀತ ಗೊತ್ತಿಲ್ಲದವನಿಗೂ ಏನೋ ಕಡಿಮೆ ಆಯ್ತು ಅಂತ ತಕ್ಷಣ ತಿಳಿಯುತ್ತೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ಇಂಥ ಜಾಗಕ್ಕೆ ಪಕ್ಕವಾದ್ಯ ಅನ್ನೋ ಹೆಸರಿದೆ. ಪಿಟೀಲು ಬೇಸ್ ಅಲ್ಲ, ನಿಜ. ಅದರ ಸ್ಥಾಯಿ ಬೇರೆ, ಕೆಲಸವೂ ಸ್ವಲ್ಪ ಬೇರೆ. ಆದರೂ ಇನ್ನೊಬ್ಬರ ಹಾಡಿಗೆ ಬೆನ್ನೆಲುಬಾಗಿ ಕೂರೋದು, ಹಿಂದಿನ ಸಾಲಿಗೆ ಕೇಳದೇ ಹೋಗೋದು, ವಾದ್ಯದ ಜೊತೆ ಗುದ್ದಾಡೋದು, ಇವೆಲ್ಲ ಇಬ್ಬರಿಗೂ ಒಂದೇ. ಈ ಸಲ ನಾವು ಬರೆಯುತ್ತಿರುವುದು ಜೀವನವಿಡೀ ಆ ಜಾಗದಲ್ಲೇ ಕೂತು ಅದರ ಬೆಲೆಯನ್ನು ಹೆಚ್ಚಿಸಿದ ಪಿಟೀಲು ಚೌಡಯ್ಯನವರ ಬಗ್ಗೆ.

ಟಿ. ಚೌಡಯ್ಯ ಹುಟ್ಟಿದ್ದು 1895ರಲ್ಲಿ, ಈಗಿನ ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ. ಹೆಸರಿನ ಮುಂದಿರುವ ಟಿ ಅಂದ್ರೆ ಆ ಊರೇ. ಟಿ. ನರಸೀಪುರದ ಹತ್ತಿರ ಕಾವೇರಿ ಮತ್ತು ಕಪಿಲೆ ಸೇರುವ ಜಾಗ ಅದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಕೂಡುತ್ತೆ ಅನ್ನೋ ನಂಬಿಕೆ ಇರೋದರಿಂದ ಅದು ತ್ರಿವೇಣಿ ಸಂಗಮ. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ಅವರು ಇಟ್ಟುಕೊಂಡ ಅಂಕಿತ ತ್ರಿಮಕುಟ. ಮನೆಯವರು ಒಕ್ಕಲು ಕುಟುಂಬದವರು. ಸಂಗೀತ ವಿದ್ವಾಂಸರ ಮನೆಯಲ್ಲಿ ಹುಟ್ಟಿ ತೊಟ್ಟಿಲಲ್ಲೇ ಸರಳೆ ವರಸೆ ಕೇಳಿದವರಲ್ಲ.

1910ರ ಹೊತ್ತಿಗೆ ಅವರು ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗ ವಯಸ್ಸು ಹದಿನೈದು, ಅಂದ್ರೆ ನಾವು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸು. ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯ ಕಡೆಯವರು, ಬಡತನದಿಂದ ಮೇಲೆ ಬಂದು ಮೈಸೂರು ಆಸ್ಥಾನದ ವಿದ್ವಾಂಸರಾದ ಗಾಯಕರು. ದಾಸರ ಪದಗಳಿಗೆ ಕಛೇರಿಯಲ್ಲಿ ಗೌರವದ ಜಾಗ ಸಿಗಲು ಅವರು ಮುಖ್ಯ ಕಾರಣ. ಶಿಸ್ತಿನ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಗುರುಕುಲದ ಪಾಠದಲ್ಲಿ ಸೆಮಿಸ್ಟರ್ ಇಲ್ಲ, ಇಂಟರ್ನಲ್ಸ್ ಇಲ್ಲ. ಬೆಳಗಿನ ಜಾವ ಎದ್ದು ಸಾಧನೆ, ಆಮೇಲೆ ಗುರುಗಳ ಮನೆಯ ಕೆಲಸ, ಮತ್ತೆ ಸಾಧನೆ. ಸುಮಾರು ಎಂಟು ವರ್ಷ ಹೀಗೆ ಕಲಿತ ಮೇಲೆ ಶಿಷ್ಯ ಗುರುಗಳ ಪಕ್ಕದಲ್ಲೇ ಕೂತು ಪಿಟೀಲು ನುಡಿಸುವ ಮಟ್ಟಕ್ಕೆ ಬಂದರು.

ಇಲ್ಲೊಂದು ವಿಷಯ ಗಮನಿಸಬೇಕು. ಕೃಷ್ಣಪ್ಪನವರು ಗಾಯಕರು, ಚೌಡಯ್ಯನವರು ಪಿಟೀಲುಗಾರರು. ಅಂದ್ರೆ ವಾದ್ಯ ಕಲಿತದ್ದು ಕಂಠದಿಂದ. ಹಾಡುಗಾರ ಎಲ್ಲಿ ಉಸಿರು ತಗೊಳ್ತಾನೆ, ಎಲ್ಲಿ ಪದ ಒಡೆಯಬಾರದು, ಗಮಕ ಎಲ್ಲಿ ಮುಗಿಯುತ್ತೆ ಅನ್ನೋದೆಲ್ಲ ಇಂಥ ಪಾಠದಲ್ಲೇ ಕೈಗೆ ಇಳಿಯೋದು. ಪಕ್ಕವಾದ್ಯಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ.

ಯಾಕಂದ್ರೆ ಕಛೇರಿಯಲ್ಲಿ ಪಿಟೀಲುಗಾರನ ಕೆಲಸ ನಮ್ಮ ಬ್ಯಾಂಡ್‌ನವರು ಬೆಚ್ಚಿಬೀಳುವಂಥದ್ದು. ಸೆಟ್‌ಲಿಸ್ಟ್ ಕೈಗೆ ಬರಲ್ಲ. ರಿಹರ್ಸಲ್ ಇರಲ್ಲ. ಗಾಯಕರು ರಾಗ ಶುರು ಮಾಡಿದ ಮೇಲೇ ಇವತ್ತು ಯಾವ ರಾಗ ಅಂತ ಗೊತ್ತಾಗೋದು. ಆಲಾಪನೆಯಲ್ಲಿ ಗಾಯಕರ ಹಿಂದೆಯೇ ನೆರಳಿನ ಹಾಗೆ ನುಡಿಸಬೇಕು, ಆದರೆ ಅವರನ್ನು ಮೀರಬಾರದು. ಅವರು ನಿಲ್ಲಿಸಿದ ಮೇಲೆ ಅದೇ ರಾಗವನ್ನು ತನ್ನ ಸರದಿಯಲ್ಲಿ ಬೆಳೆಸಬೇಕು, ಆದರೆ ತುಂಬಾ ಉದ್ದ ಮಾಡಬಾರದು. ಕೃತಿ ಶುರುವಾದರೆ ಸಾಹಿತ್ಯದ ಜೊತೆಗೇ ಹೋಗಬೇಕು. ಕಲ್ಪನಾಸ್ವರದಲ್ಲಿ ಅವರು ಹಾಕಿದ ಲೆಕ್ಕಕ್ಕೆ ಅಲ್ಲೇ ಉತ್ತರ ಕೊಡಬೇಕು, ತಾಳ ಒಂದು ಅಕ್ಷರ ಜಾರಿದರೂ ಸಭೆಗೆ ಗೊತ್ತಾಗುತ್ತೆ. ಇದೆಲ್ಲ ನಡೀತಿರೋದು ಫ್ರೆಟ್ ಇಲ್ಲದ ವಾದ್ಯದ ಮೇಲೆ. ಪಿಟೀಲಿನ ತಂತಿಯ ಮಿಡಿಯುವ ಉದ್ದ ಸುಮಾರು 33 ಸೆಂಟಿಮೀಟರ್. ಬೇಸ್ ಗಿಟಾರ್‌ನದು ಸಾಮಾನ್ಯವಾಗಿ 86. ಬೆರಳು ಒಂದು ಮಿಲಿಮೀಟರ್ ಅತ್ತಿತ್ತ ಆದರೆ ಪಿಟೀಲಿನಲ್ಲಿ ಆಗುವ ಅಪಸ್ವರ ಫ್ರೆಟ್‌ಲೆಸ್ ಬೇಸ್‌ಗಿಂತ ಎರಡೂವರೆ ಪಟ್ಟು ಜಾಸ್ತಿ.

ಇಷ್ಟು ಕಷ್ಟಪಟ್ಟು ನುಡಿಸಿದ್ದು ಕೇಳಿಸಬೇಕಲ್ಲ? ಚೌಡಯ್ಯನವರ ಯೌವನದ ಕಾಲದಲ್ಲಿ ಕಛೇರಿಗಳಿಗೆ ಮೈಕ್ ಇರಲಿಲ್ಲ. ನಮ್ಮಲ್ಲಿ ಹೊಸದುರ್ಗ ತಾಲ್ಲೂಕಿನ ಬಾಗೂರು ಕಡೆಯವರಿದ್ದೇವೆ. ಊರಿನ ಚನ್ನಕೇಶವ ದೇವಸ್ಥಾನದ ಮುಂದೆ ಮೈಕ್ ಇಲ್ಲದೆ ಭಜನೆ ಹೇಳಿದರೆ ಏನಾಗುತ್ತೆ ಅನ್ನೋದು ಇಂಥ ಊರುಗಳಲ್ಲಿ ಬೆಳೆದವರಿಗೆ ಗೊತ್ತು. ಮುಂದೆ ಕೂತವರಿಗೆ ಎಲ್ಲ ಕೇಳುತ್ತೆ. ಸ್ವಲ್ಪ ಹಿಂದೆ ಹೋದರೆ ಹಾರ್ಮೋನಿಯಂ ಕರಗಿಹೋಗುತ್ತೆ. ಇನ್ನೂ ಹಿಂದೆ ಬರೀ ತಾಳ, ಜೊತೆಗೆ ಗಟ್ಟಿ ಗಂಟಲಿನವರ ದನಿ. ಫಿಸಿಕ್ಸ್ ಸರಳ: ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಕುಸಿಯುತ್ತೆ. ಮೈಸೂರಿನ ಕಛೇರಿಗೂ ಇದೇ ನಿಯಮ. ಆ ಕಾಲದ ಗಾಯಕರು ಎತ್ತರದ ಶ್ರುತಿಯಲ್ಲಿ, ತುಂಬು ಕಂಠದಲ್ಲಿ ಹಾಡಿ ಕೊನೆಯ ಸಾಲನ್ನು ಮುಟ್ಟುತ್ತಿದ್ದರು. ಮೃದಂಗವೂ ಮುಟ್ಟುತ್ತಿತ್ತು. ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದದ್ದು ಪಿಟೀಲು.

ಬೇಸ್ ವಾದಕರಿಗೆ ಈ ಗೋಳು ಚೆನ್ನಾಗಿ ಗೊತ್ತು. ಅಮೆರಿಕದ ಡ್ಯಾನ್ಸ್ ಬ್ಯಾಂಡ್‌ಗಳಲ್ಲಿ ಆಳೆತ್ತರದ ಡಬಲ್ ಬೇಸ್ ಹೊತ್ತು ತಂದವರಿಗೂ ಇದೇ ತೊಂದರೆ ಇತ್ತು, ಡ್ರಮ್ಸ್ ಮತ್ತು ಬ್ರಾಸ್ ಮಧ್ಯೆ ಅವರು ಕೇಳಿಸುತ್ತಿರಲಿಲ್ಲ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದು ಅದಕ್ಕೆ ಕರೆಂಟಿನಿಂದ ಉತ್ತರ ಕೊಟ್ಟರು. ಅದಕ್ಕೂ 24 ವರ್ಷ ಮೊದಲು, 1927ರ ಸುಮಾರಿಗೆ, ಮೈಸೂರಿನ ಪಿಟೀಲುಗಾರ ಕರೆಂಟ್ ಇಲ್ಲದೇ ತಮ್ಮದೇ ಉತ್ತರ ಹುಡುಕಿದ್ದರು. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿದರು.

ಹೇಳೋದಕ್ಕೆ ಒಂದೇ ಸಾಲು, ಮಾಡೋದಕ್ಕೆ ಹಾಗಲ್ಲ. ಎಂಜಿನಿಯರಿಂಗ್ ಓದುವ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಪಿಟೀಲಿನ ಮೇಲಿನ ಹಲಗೆ ಕೆಲವೇ ಮಿಲಿಮೀಟರ್ ದಪ್ಪ. ಕುದುರೆ, ಅಂದ್ರೆ ಬ್ರಿಡ್ಜ್, ತಂತಿಗಳ ಒತ್ತಡವನ್ನೆಲ್ಲ ಆ ಹಲಗೆಗೆ ಇಳಿಸುತ್ತೆ. ತಂತಿ ಹೆಚ್ಚಾದಷ್ಟೂ ಲೋಡ್ ಹೆಚ್ಚು. ತುಂಬಾ ಬಿಗಿ ಮಾಡಿದರೆ ಹಲಗೆ ಬಿರಿಯುತ್ತೆ, ಸಡಿಲ ಬಿಟ್ಟರೆ ದನಿ ಸತ್ತುಹೋಗುತ್ತೆ. ಹೆಚ್ಚಿನ ಮೂರು ಬಿರಡೆಗೆ ಜಾಗ ಬೇಕು. ತಂತಿಗಳು ಹತ್ತಿರ ಹತ್ತಿರ ಬರೋದರಿಂದ ಕುದುರೆಯ ಬಾಗು ಬದಲಾಗಬೇಕು, ಇಲ್ಲದಿದ್ದರೆ ಕಮಾನು ಬೇಡದ ತಂತಿಗೂ ತಾಗುತ್ತೆ. ಜೋಡಿ ತಂತಿಗಳನ್ನು ಒಂದೇ ಬೆರಳಲ್ಲಿ ಒತ್ತಿ ಎರಡರಲ್ಲೂ ಶುದ್ಧ ಸ್ವರ ತರಬೇಕು. ಎರಡು ತಂತಿಯ ದಪ್ಪ ಬೇರೆಯಾದರೆ ಅದು ಇನ್ನೂ ಕಷ್ಟ. ಬಲಗೈಗೂ ಹೆಚ್ಚು ಕೆಲಸ, ಎರಡು ತಂತಿಯನ್ನು ಒಟ್ಟಿಗೆ ಮಾತಾಡಿಸೋಕೆ ಕಮಾನಿಗೆ ಬಲ ಬೇಕು. ಕಛೇರಿಯ ಮಧ್ಯೆ ಒಂದು ತಂತಿ ಶ್ರುತಿ ಬಿಟ್ಟರೆ ಅದರ ಜೋಡಿಯ ಜೊತೆ ಸೇರಿ ಅದು ಅಲೆಅಲೆಯಾಗಿ ಕೊರಗುತ್ತೆ. ಬೀಟ್ಸ್ ಅಂತ ಪಾಠದಲ್ಲಿ ಓದಿದ್ದೇವಲ್ಲ, ಅದೇ.

ಇಷ್ಟಕ್ಕೂ ಜೋಡಿ ತಂತಿಯಿಂದ ಶಬ್ದ ಎರಡು ಪಟ್ಟು ಕೇಳಿಸಲ್ಲ, ಲೆಕ್ಕದಲ್ಲಿ ಸಿಗೋದು ಸುಮಾರು 3 ಡೆಸಿಬೆಲ್. ಆದರೆ ನಾದ ದಪ್ಪ ಆಗುತ್ತೆ, ತುಂಬಿಕೊಳ್ಳುತ್ತೆ. ಹನ್ನೆರಡು ತಂತಿಯ ಗಿಟಾರ್ ಕೇಳಿದವರಿಗೆ ಇದು ಗೊತ್ತು. ಚೌಡಯ್ಯನವರ ಗಟ್ಟಿ ಕಮಾನು ಅದರ ಜೊತೆ ಸೇರಿದಾಗ ಪಿಟೀಲು ಹಿಂದಿನ ಸಾಲಿಗೂ ತಲುಪಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಾಲ್ಕು ತಂತಿಯ ಮಾಧುರ್ಯ ಇದರಲ್ಲಿ ಇಲ್ಲ ಅನ್ನುವವರು ಇದ್ದರು. ಆ ಮಾತನ್ನು ಸುಳ್ಳು ಅಂತ ತಳ್ಳಿಹಾಕೋಕಾಗಲ್ಲ, ಒಂದನ್ನು ಪಡೆಯೋಕೆ ಇನ್ನೊಂದನ್ನು ಸ್ವಲ್ಪ ಬಿಡೋದು ಎಲ್ಲ ಡಿಸೈನ್‌ನಲ್ಲೂ ಇದ್ದದ್ದೇ. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ನಾಲ್ಕು ತಂತಿಯಲ್ಲೇ ದೊಡ್ಡ ಹೆಸರು ಮಾಡಿದ್ದರು. ಈ ಇಬ್ಬರ ಜೊತೆ ಚೌಡಯ್ಯನವರನ್ನೂ ಸೇರಿಸಿ ಪಿಟೀಲಿನ ತ್ರಿಮೂರ್ತಿಗಳು ಅಂತ ಜನ ಕರೆದರು. ದಕ್ಷಿಣ ಭಾರತದ ದೊಡ್ಡ ಗಾಯಕರೆಲ್ಲ ಮೈಸೂರಿನ ಈ ಪಿಟೀಲನ್ನು ತಮ್ಮ ಪಕ್ಕಕ್ಕೆ ಕೂರಿಸಿಕೊಂಡರು: ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ. ಒಬ್ಬೊಬ್ಬರ ಶೈಲಿ ಒಂದೊಂದು ದಿಕ್ಕು. ಚೆಂಬೈಯವರದು ಗುಡುಗಿನ ಕಂಠ, ಜಿಎನ್‌ಬಿಯವರದು ಮಿಂಚಿನ ವೇಗ. ನಾಳೆ ಯಾರ ಪಕ್ಕ ಕೂತರೂ ಅವರವರ ದಾರಿಯಲ್ಲಿ ಹೋಗಿ, ತನ್ನತನವನ್ನೂ ಉಳಿಸಿಕೊಳ್ಳಬೇಕು. ರೈಲು ಹತ್ತಿ ಊರೂರು ಸುತ್ತಿ ದಶಕಗಳ ಕಾಲ ಅವರು ಮಾಡಿದ ಗಿಗ್ಗುಗಳು ಇವು.

ಹಾಗಂತ ಬರೀ ಪಕ್ಕದಲ್ಲೇ ಉಳಿಯಲಿಲ್ಲ. ತಾವೇ ಮುಖ್ಯ ಕಲಾವಿದರಾಗಿ ತನಿ ಕಛೇರಿ ಮಾಡಿದರು. ಮೈಸೂರು ಆಸ್ಥಾನದ ವಿದ್ವಾಂಸರಾದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. ಕಂಡದೇವಿ ಅಳಗಿರಿಸ್ವಾಮಿಯಂಥ ಶಿಷ್ಯರನ್ನು ತಯಾರು ಮಾಡಿದರು, ಅವರೂ ಮುಂದೆ ಹೆಸರಾಂತ ಪಕ್ಕವಾದ್ಯಗಾರರಾದರು. ಸಿನಿಮಾದ ಹುಚ್ಚೂ ಇತ್ತು. 1943ರಲ್ಲಿ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ವಾಣಿ ಅನ್ನೋ ಚಿತ್ರ ನಿರ್ಮಿಸಿದರು. ಪಂಡರಿಬಾಯಿಯವರು ಕನ್ನಡ ಚಿತ್ರರಂಗಕ್ಕೆ ಬಂದದ್ದು ಆ ಚಿತ್ರದಿಂದಲೇ.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಆ ಬಿರುದು ಪಡೆಯುವವರು ಆ ವರ್ಷದ ಸಂಗೀತ ಸಮ್ಮೇಳನದ ಅಧ್ಯಕ್ಷರೂ ಆಗಿರುತ್ತಾರೆ. ಯಾರು ಪಕ್ಕದಲ್ಲಿ ಕೂರುತ್ತಿದ್ದರೋ ಅವರು ಆ ವರ್ಷ ಸಭೆಯ ಮಧ್ಯದ ಕುರ್ಚಿಯಲ್ಲಿ ಕೂತರು. ಅಷ್ಟು ಹೊತ್ತಿಗೆ ಸಭಾಂಗಣಗಳಿಗೆಲ್ಲ ಮೈಕ್ ಬಂದಾಗಿತ್ತು. ಏಳು ತಂತಿ ಯಾವ ಸಮಸ್ಯೆಗೆ ಹುಟ್ಟಿತ್ತೋ ಆ ಸಮಸ್ಯೆಯೇ ಹೋಗಿತ್ತು. ಆದರೂ ಅವರು ಅದನ್ನು ಬಿಡಲಿಲ್ಲ. ಹೊತ್ತಿಗೊದಗಿದ ಉಪಾಯ ಅಷ್ಟರಲ್ಲಿ ಅವರ ಸ್ವಂತ ದನಿಯಾಗಿಬಿಟ್ಟಿತ್ತು. 1967ರ ಜನವರಿ 19ರಂದು ಅವರು ತೀರಿಕೊಂಡರು.

ಇವತ್ತು ಕಛೇರಿಗಳಲ್ಲಿ ಕಾಣೋದು ಬಹುತೇಕ ನಾಲ್ಕು ತಂತಿಯ ಪಿಟೀಲೇ. ಏಳು ತಂತಿಯದನ್ನು ನೋಡಬೇಕಂದ್ರೆ ಬೆಂಗಳೂರಿನ ಮಲ್ಲೇಶ್ವರದ ಕಡೆ ಹೋಗಬೇಕು. ಕೆ.ಕೆ. ಮೂರ್ತಿಯವರ ಮುತುವರ್ಜಿಯಿಂದ 1980ರಲ್ಲಿ ಅಲ್ಲಿ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ತಂತಿ, ಬಿರಡೆ, ಕುದುರೆ, ಕಮಾನು ಎಲ್ಲ ಇದೆ. ಸಿವಿಲ್‌ನವರು ನೋಡಲೇಬೇಕಾದ ಕಟ್ಟಡ. ಒಳಗೆ ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ನಾಟಕ ಆಗುತ್ತೆ, ಸುಗಮ ಸಂಗೀತ ಆಗುತ್ತೆ, ಕಛೇರಿ ಆಗುತ್ತೆ, ರಾಕ್ ಶೋ ಕೂಡ ಆಗುತ್ತೆ. ಎಷ್ಟೇ ದೊಡ್ಡ ಗಾಯಕ ಬಂದು ವೇದಿಕೆಯ ನಡುವೆ ನಿಂತರೂ, ಅವನು ನಿಂತಿರೋದು ಒಬ್ಬ ಪಕ್ಕವಾದ್ಯಗಾರನ ಪಿಟೀಲಿನ ಒಳಗೆ.