ಅಗರ್ ತೋರಿದ ಗೃಹಿಣಿ ಫ್ಯಾನಿ ಹೆಸ್ಸೆ

ಅಟ್ಟೂರಿನ ಶ್ರಾವಿಕೆಯರೂ ಬಲ್ಲ ಚೈನಾ ಗ್ರಾಸ್ ಎಂಬುದು ಕಡಲಪಾಚಿಯ ಸತ್ತ್ವವಾದ ಅಗರ್. ಇದನ್ನು ಪ್ರಯೋಗಶಾಲೆಗೆ ತಂದವರು ಫ್ಯಾನಿ ಹೆಸ್ಸೆ. 1850ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಆಕೆ 1874ರಲ್ಲಿ ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆಯವರನ್ನು ವರಿಸಿದರು. ಪತಿಯು ಸೂಕ್ಷ್ಮಜೀವಿಗಳನ್ನು ಬೆಳೆಸಲು ಬಳಸುತ್ತಿದ್ದ, ಪ್ರಾಣಿಗಳ ಎಲುಬು ಚರ್ಮಗಳಿಂದಾದ ಜೆಲಾಟಿನ್ ಸೆಕೆಗೆ ಕರಗಿಹೋಗುತ್ತಿತ್ತು. ಜಾವಾದಲ್ಲಿ ವಾಸಿಸಿದ್ದ ನೆರೆಯವರಿಂದ ಅರಿತಿದ್ದ ಅಗರನ್ನು 1881ರಲ್ಲಿ ಆಕೆ ಸೂಚಿಸಿದರು. ರಾಬರ್ಟ್ ಕಾಕ್ ಅವರೂ ಅದನ್ನು ಸ್ವೀಕರಿಸಿದರು. ಧನಲಾಭವೇನೂ ಇಲ್ಲದೆ ಆಕೆ 1934ರಲ್ಲಿ ನಿಧನ ಹೊಂದಿದರು.

ನಮ್ಮ ದೇಶದಲ್ಲಿ ಅಗರಿನ ಪಾಚಿಯನ್ನು ಮನ್ನಾರ್ ಕೊಲ್ಲಿಯಲ್ಲಿ ಕೈಯಿಂದ ಕೀಳುತ್ತಾರೆ. ಬುಡವನ್ನು ಉಳಿಸಿದರೆ ಅದು ಮರಳಿ ಚಿಗುರುತ್ತದೆ, ಬುಡಸಮೇತ ಕಿತ್ತರೆ ಕ್ಷಯಿಸುತ್ತದೆ. ಜೆಲಾಟಿನ್ ತ್ಯಜಿಸಿದ ಶ್ರಾವಕರು ಪಾಚಿಯೂ ಏಕೇಂದ್ರಿಯ ಜೀವವೆಂಬುದನ್ನು ಮರೆಯದೆ, ಅದರ ಬಳಕೆಯಲ್ಲಿಯೂ ಭೋಗೋಪಭೋಗ ಪರಿಮಾಣವ್ರತವನ್ನು ಪಾಲಿಸುವುದು ಯುಕ್ತ.