ತಿರಸ್ಕೃತರಾಗಿಯೂ ಮರಳಿ ಬಂದ ವಸಾಯಿಯ ಸಂತ ಗೊನ್ಸಾಲೊ ಗಾರ್ಸಿಯಾ

ವಿರಾರ್ ಲೋಕಲ್‌ನಲ್ಲಿ ನಿತ್ಯ ಓಡಾಡುವ ತುಳು-ಕನ್ನಡಿಗರಿಗೆ ವಸಾಯಿ ಎಂದರೆ ನೆನಪಾಗುವುದು 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದ ಕೋಟೆ. ಭಾರತದಲ್ಲಿ ಹುಟ್ಟಿ ಕೆಥೋಲಿಕ್ ಸಂತ ಪದವಿಗೇರಿದ ಪ್ರಥಮ ವ್ಯಕ್ತಿಯ ಜನ್ಮಸ್ಥಳವೂ ಇದೇ ಊರು ಎಂಬುದು ಹಲವರಿಗೆ ತಿಳಿಯದು.

ಗೊನ್ಸಾಲೊ ಗಾರ್ಸಿಯಾ ಅವರು ಸುಮಾರು 1557ರಲ್ಲಿ ಪೋರ್ಚುಗೀಸ್ ಸೈನಿಕ ತಂದೆ ಹಾಗೂ ಸ್ಥಳೀಯ ತಾಯಿಯ ಮಗನಾಗಿ ಜನಿಸಿದರು. ತಾಯಿಯನ್ನು ಕನಾರಿಂ ಎಂದು ಹೇಳಲಾಗಿದೆ. ಇದು ಪೋರ್ಚುಗೀಸರು ಕೊಂಕಣ ತೀರದವರಿಗೆ ಇಟ್ಟ ಹೆಸರು. ಆಕೆ ಕನ್ನಡತಿಯೆಂದು ಹಕ್ಕು ಸಾಧಿಸುವಂತಿಲ್ಲ.

ಕೋಟೆಯೊಳಗಿನ ಯೇಸುಸಭೆಯ ಗುರುಗಳ ಬಳಿ ವಿದ್ಯಾಭ್ಯಾಸ ಮಾಡಿದ ಬಾಲಕ, 1572ರಲ್ಲಿ ಅವರ ಜತೆ ಜಪಾನಿಗೆ ಹೊರಟರು. ಆಗ ವಯಸ್ಸು ಹದಿನೈದರ ಆಸುಪಾಸು. ಊರು ಬಿಟ್ಟು ಮುಂಬಯಿ ಹೋಟೆಲುಗಳಿಗೆ ಬಂದ ಎಳೆಯರು ಮರಾಠಿ ಕಲಿತಂತೆ, ಅವರು ಜಪಾನಿ ಭಾಷೆಯನ್ನು ಜನರ ನಡುವೆಯೇ ಕಲಿತರು. ಎಂಟು ವರ್ಷ ಧರ್ಮೋಪದೇಶಕರಾಗಿ ದುಡಿದರು.

ಯೇಸುಸಭೆಗೆ ಸೇರಬೇಕೆಂಬುದು ಅವರ ಹಂಬಲವಾಗಿತ್ತು. ಅದು ಈಡೇರಲಿಲ್ಲ. ಭಾರತೀಯ ರಕ್ತದವರನ್ನು ಸೇರಿಸಿಕೊಳ್ಳಲು ಯುರೋಪಿನ ಧಾರ್ಮಿಕ ಸಭೆಗಳು ಹಿಂಜರಿಯುತ್ತಿದ್ದ ಕಾಲವದು. ದೇವರ ಕರೆ ತನ್ನಂಥವನಿಗಲ್ಲವೇನೋ ಎಂಬ ಕೊರಗು ಆ ಯುವಕನನ್ನು ಕಾಡಿದ್ದರೆ ಆಶ್ಚರ್ಯವಿಲ್ಲ. ಅವರು ವ್ಯಾಪಾರಕ್ಕಿಳಿದರು, ವ್ಯಾಪಾರ ಕೈಹಿಡಿಯಿತು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಅವರು ಗಳಿಸಿದ್ದನ್ನು ಬಿಟ್ಟು ಮನಿಲಾಕ್ಕೆ ತೆರಳಿ ಫ್ರಾನ್ಸಿಸ್ಕನ್ ಸಭೆಯ ಬಾಗಿಲು ತಟ್ಟಿದರು. ಅಲ್ಲಿ ಸಿಕ್ಕಿದ್ದು ಯಾಜಕ ದೀಕ್ಷೆಯಲ್ಲ, ಸಾಮಾನ್ಯ ಬ್ರದರ್ ಸ್ಥಾನ. ಅದನ್ನೇ ಸ್ವೀಕರಿಸಿದರು.

1593ರಲ್ಲಿ ಫಿಲಿಪ್ಪೀನ್ಸಿನ ಸ್ಪ್ಯಾನಿಷ್ ಗವರ್ನರ್ ಪರವಾಗಿ ಗುರು ಪೀಟರ್ ಬ್ಯಾಪ್ಟಿಸ್ಟ್ ಜಪಾನಿಗೆ ಹೋದಾಗ, ದೊರೆ ಹಿದೆಯೋಶಿಯ ಮುಂದೆ ದುಭಾಷಿಯಾಗಿ ನಿಂತವರು ಇದೇ ಬ್ರದರ್. ಗುರುಗಳಿಗೆ ಬಾರದ ಭಾಷೆ ಶಿಷ್ಯನಿಗೆ ಬರುತ್ತಿತ್ತು! ಕ್ಯೋಟೊದಲ್ಲಿ ಮಠ ಎದ್ದಿತು, ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆಯಿತು.

1596ರಲ್ಲಿ ಸಾನ್ ಫೆಲಿಪೆ ಎಂಬ ಸ್ಪ್ಯಾನಿಷ್ ಹಡಗು ಜಪಾನ್ ತೀರದಲ್ಲಿ ಅಪಘಾತಕ್ಕೀಡಾದ ಬಳಿಕ ಪರಿಸ್ಥಿತಿ ಬಿಗಡಾಯಿಸಿತು. ಧರ್ಮಪ್ರಚಾರಕರ ಹಿಂದೆ ಸ್ಪೇನಿನ ಸೈನ್ಯ ಬರುತ್ತದೆಂಬ ಶಂಕೆಯಿಂದ ಹಿದೆಯೋಶಿ ಬಂಧನಕ್ಕೆ ಆಜ್ಞೆಯಿತ್ತ. ಬಂಧಿತರ ಎಡಕಿವಿ ಕತ್ತರಿಸಿ, ಚಳಿಗಾಲದಲ್ಲಿ ಸುಮಾರು ಒಂದು ತಿಂಗಳು ನಾಗಸಾಕಿಯತ್ತ ನಡೆಸಲಾಯಿತು. 1597ರ ಫೆಬ್ರವರಿ 5ರಂದು ನಿಶಿಜಾಕಾ ಗುಡ್ಡದಲ್ಲಿ 26 ಮಂದಿಯನ್ನು ಶಿಲುಬೆಗೇರಿಸಿ ಈಟಿಯಿಂದ ತಿವಿದು ಕೊಂದರು. ಗಾರ್ಸಿಯಾ ಅವರಿಗೆ ಆಗ ಸುಮಾರು 40 ವರ್ಷ. ತನಗಾಗಿ ಕಾದಿದ್ದ ಶಿಲುಬೆಯತ್ತ ಅವರು ತಾವಾಗಿಯೇ ನಡೆದರೆಂದು ಸಂತ ಚರಿತ್ರೆಗಳು ಹೇಳುತ್ತವೆ. ಹುತಾತ್ಮರಲ್ಲಿ 17 ಮಂದಿ ಜಪಾನಿ ಶ್ರೀಸಾಮಾನ್ಯರು, ಆರು ಮಂದಿ ಫ್ರಾನ್ಸಿಸ್ಕನರು. ಉಳಿದ ಮೂವರು, ಅವರಿಗೆ ಒಮ್ಮೆ ಪ್ರವೇಶ ದೊರೆಯದ ಯೇಸುಸಭೆಯವರೇ.

1627ರಲ್ಲಿ ಪುನೀತರೆಂದೂ, 1862ರ ಜೂನ್ 8ರಂದು ಪೋಪ್ 9ನೇ ಪಿಯುಸ್ ಅವರಿಂದ ಸಂತರೆಂದೂ ಅವರು ಘೋಷಿತರಾದರು. ಕೇರಳದ ಸಂತ ಅಲ್ಫೋನ್ಸಾ ಅವರಿಗೆ ಆ ಪದವಿ ದೊರೆತದ್ದು 2008ರಲ್ಲಿ. ಬಲಿಪೂಜೆ ಅರ್ಪಿಸುವ ಅಧಿಕಾರವೇ ಇಲ್ಲದಿದ್ದ ಆ ಬ್ರದರ್ ಹೆಸರಿನ ಇಗರ್ಜಿ ಇಂದು ವಸಾಯಿ ಸಮೀಪದ ಗಾಸ್ ಗ್ರಾಮದಲ್ಲಿದೆ. ವಸಾಯಿಯ ಕಾಲೇಜೊಂದಕ್ಕೂ ಅವರದೇ ಹೆಸರು.